ಲಗಾಮು ಹಿಡಿದ ಎಳೆಗೈಗಳು



ಚೈತ್ರ ಕಾಲಿಟ್ಟು, ಪರೀಕ್ಷೆಗಳು ಮುಗಿದು, ಶಾಲೆಗಳ ಬಾಗಿಲು ಮುಚ್ಚಿತೆಂದರೆ ಇಂದಿನ ತಂದೆತಾಯಿಗಳಿಗೆ ಒಂದು ಚಿಂತೆ ಆರಂಭವಾಗುತ್ತದೆ. ಎರಡು ತಿಂಗಳ ಕಾಲ ಮಕ್ಕಳು ಏನು ಮಾಡಬೇಕು? ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಅಜ್ಜಿಯ ಮನೆಯಿತ್ತು, ಮಾವಿನ ತೋಪಿತ್ತು, ಊರ ಕೆರೆಯಿತ್ತು, ಜಾತ್ರೆಯಿತ್ತು. ಇಂದು ಅವುಗಳ ಸ್ಥಾನಕ್ಕೆ ಬೇಸಿಗೆ ಶಿಬಿರಗಳು ಬಂದಿವೆ. ಶಿಬಿರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹೊಸಕೋಟೆಯ ಹೊರವಲಯದ ಅಂತಹ ಒಂದು ಶಿಬಿರದಲ್ಲಿ ಮೂರು ಬೇಸಿಗೆಗಳ ಕಾಲ ಕುದುರೆ ಸವಾರಿಯನ್ನೂ ನಾಟಕವನ್ನೂ ಕಲಿಸಿದವನು ನಾನು. ಆ ಅನುಭವದಿಂದ ಮನಗಂಡ ಒಂದು ಮಾತನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶ.

ಕುದುರೆಗೂ ನಾಟಕಕ್ಕೂ ಎಲ್ಲಿಯ ನಂಟು ಎಂದು ತಾವು ಕೇಳಬಹುದು. ಹೊಸಕೋಟೆ ಸೀಮೆಯ ಹಳ್ಳಿಗಳಲ್ಲಿ ಹುಟ್ಟಿದವರಿಗೆ ಪೌರಾಣಿಕ ನಾಟಕ ತೊಟ್ಟಿಲಿನಿಂದಲೇ ಪರಿಚಿತ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬರುವರು. ತಿಂಗಳುಗಟ್ಟಲೆ ರಾತ್ರಿಯ ಅಭ್ಯಾಸ. ಕೊನೆಗೊಂದು ರಾತ್ರಿ ಬಾಡಿಗೆಯ ಸೀನರಿ ಕಟ್ಟಿ ಬೆಳಗಿನ ಜಾವದವರೆಗೆ ಕುರುಕ್ಷೇತ್ರ. ಆ ರಂಗದ ಮೇಲೆ ನಾನು ಯೌವನದಲ್ಲಿ ಅಭಿಮನ್ಯುವಾಗಿ, ನಡುವಯಸ್ಸಿನಲ್ಲಿ ವಿದುರನಾಗಿ ನಿಂತವನು. ಕುದುರೆಯಾದರೋ ಉದ್ಯೋಗದಿಂದ ಒದಗಿದ ಸಂಗಾತಿ. ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದಲ್ಲಿ ಸೇವೆ ಸಲ್ಲಿಸಿ, ದಸರಾ ಮೆರವಣಿಗೆಯ ಜನಸಾಗರದ ನಡುವೆ ಕುದುರೆ ನಡೆಸಿ, ನಿವೃತ್ತನಾಗಿ ಊರಿಗೆ ಮರಳಿದವನಿಗೆ ಶಿಬಿರದವರು ಎರಡು ಕೆಲಸಗಳನ್ನೂ ಒಟ್ಟಿಗೆ ವಹಿಸಿದರು.

ಶಿಬಿರದಲ್ಲಿ ಮೂರು ಕುದುರೆಗಳಿದ್ದವು. ಅವುಗಳಲ್ಲಿ ಗೌರಿ ಎಂಬ ಕೆಂಬಣ್ಣದ ಹೆಣ್ಣುಕುದುರೆ ಪಂದ್ಯದ ಓಟದಿಂದ ನಿವೃತ್ತಿ ಪಡೆದು ಬಂದದ್ದು. ಮಕ್ಕಳು ಏಳರಿಂದ ಹದಿಮೂರು ವಯಸ್ಸಿನವರು. ಬಹುಪಾಲು ಬೆಂಗಳೂರಿನವರು, ಕೆಲವರು ಸುತ್ತಲಿನ ಹಳ್ಳಿಯವರು. ಬಂದ ದಿನವೇ ಎಲ್ಲರಿಗೂ ಕುದುರೆ ಏರುವ ಆತುರ. ನಾನು ಮೊದಲ ಎರಡು ದಿನ ಯಾರನ್ನೂ ಏರಿಸುತ್ತಿರಲಿಲ್ಲ. ಲಾಯ ಗುಡಿಸುವುದು, ಮೈ ಉಜ್ಜುವುದು, ಗೊರಸಿನಲ್ಲಿ ಸಿಕ್ಕಿದ ಕಲ್ಲು ತೆಗೆಯುವುದನ್ನು ನೋಡುವುದು, ನೀರಿಡುವುದು, ಇವೇ ಮೊದಲ ಪಾಠಗಳು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಅದು ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣಬಲ್ಲದು. ಆದರೆ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ನಿಂತವರು ಅದಕ್ಕೆ ಕಾಣರು. ಆದಕಾರಣ ಕುದುರೆಯನ್ನು ಹಿಂದಿನಿಂದ ಸಮೀಪಿಸಬಾರದು. ಓರೆಯಾಗಿ, ಮೆಲ್ಲಗೆ ಮಾತನಾಡುತ್ತ, ಭುಜದ ಬಳಿಗೆ ಬರಬೇಕು. ಕಿವಿ ಮುಂದಕ್ಕೆ ಚಾಚಿದ್ದರೆ ಅದಕ್ಕೆ ಕುತೂಹಲ. ಹಿಂದಕ್ಕೆ ಒತ್ತಿಕೊಂಡಿದ್ದರೆ ಕೋಪ. ಇಷ್ಟನ್ನು ಓದಲು ಕಲಿತ ಮಗುವಿಗೆ ಮಾತ್ರ ಜೀನಿನ ಮೇಲೆ ಕೂರುವ ಅಧಿಕಾರ.

ಇದರಲ್ಲಿ ಒಂದು ದೊಡ್ಡ ಶಿಕ್ಷಣವಿದೆ. ಸವಾರನು ಯಾರ ಮಗ, ಯಾವ ಜಾತಿಯವನು, ಯಾವ ಶಾಲೆಯಲ್ಲಿ ಓದುವವನು ಎಂಬುದು ಕುದುರೆಗೆ ತಿಳಿಯದು. ಅದಕ್ಕೆ ತಿಳಿಯುವುದು ಲಗಾಮು ಹಿಡಿದ ಕೈಯ ಬಿಗುವು, ಬೆನ್ನ ಮೇಲಿನ ಭಾರದ ಸಮತೂಕ, ಉಸಿರಿನ ಏರಿಳಿತ. ಮನೆಯಲ್ಲಿ ಎಲ್ಲರನ್ನೂ ಆಜ್ಞಾಪಿಸುತ್ತಿದ್ದ ಒಬ್ಬ ಹುಡುಗ ಗೌರಿಯ ಮೇಲೆ ಕುಳಿತು ಕೂಗಿಕೊಂಡಾಗ ಅದು ನಿಂತಲ್ಲೇ ನಿಂತಿತು. ಹಳ್ಳಿಯ ಒಂಬತ್ತು ವರ್ಷದ ಹುಡುಗಿಯೊಬ್ಬಳು, ಮನೆಯಲ್ಲಿ ಹಸುಕರುಗಳೊಡನೆ ಬೆಳೆದವಳು, ಕೈ ಸಡಿಲಬಿಟ್ಟು ಕುಳಿತಳು. ಗೌರಿ ತಾನಾಗಿ ಹೆಜ್ಜೆ ಹಾಕಿತು. ಹುಡುಗ ಅದನ್ನು ನೋಡಿದ. ಮರುದಿನ ಕೂಗಲಿಲ್ಲ. ನಾನು ಉಪದೇಶ ಮಾಡಬೇಕಾಗಿ ಬರಲಿಲ್ಲ.

ಸವಾರಿಯ ಪಾಠ ಸಂಜೆಯ ನಾಟಕದ ಪಾಠಕ್ಕೆ ಹರಿದು ಬರುತ್ತಿತ್ತು. ಕುದುರೆಯ ಸಾಮಾನ್ಯ ನಡಿಗೆಯಲ್ಲಿ ಗೊರಸುಗಳು ನಾಲ್ಕು ಪೆಟ್ಟು ಹಾಕುತ್ತವೆ. ಟ್ರಾಟ್ ಎಂಬ ಕುಲುಕು ಓಟದಲ್ಲಿ ಎರಡು. ಕ್ಯಾಂಟರ್ ಎಂಬ ನಯವಾದ ಓಟದಲ್ಲಿ ಮೂರು. ಮಕ್ಕಳು ಬೆಳಗ್ಗೆ ಬೆನ್ನಿನ ಮೇಲೆ ಅನುಭವಿಸಿದ ಈ ಲೆಕ್ಕವನ್ನು ಸಂಜೆ ಚಪ್ಪಾಳೆಯಲ್ಲಿ ಹಾಕುವರು. ಚತುರಶ್ರ, ತಿಶ್ರ ಎಂಬ ಹೆಸರುಗಳನ್ನು ಆ ಬಳಿಕ ಹೇಳಿದರೆ ಸಾಕು, ತಾಳ ಮೈಗೆ ಹತ್ತಿರುತ್ತಿತ್ತು. ಲಯವು ಹೀಗೆ ದೇಹಕ್ಕೆ ಇಳಿದ ಮೇಲೆ ಮಾತೂ ಹದಕ್ಕೆ ಬರುತ್ತದೆಂಬುದನ್ನು ನಾನು ಹಾರ್ಮೋನಿಯಂ ಮೇಷ್ಟ್ರುಗಳಿಂದ ಕಲಿತಿದ್ದೆ.

ಮಕ್ಕಳ ರಂಗಭೂಮಿಗೆ ಕನ್ನಡನಾಡಿನಲ್ಲಿ ಗೌರವದ ಪರಂಪರೆಯಿದೆ. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ಬೆಂಗಳೂರಿನ ಮಕ್ಕಳನ್ನು ರಂಗಕ್ಕೆ ತಂದರು. ಬಿ. ವಿ. ಕಾರಂತರ ನೇತೃತ್ವದಲ್ಲಿ 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣವು ಬೇಸಿಗೆ ರಜೆಯಲ್ಲಿ ನಡೆಸುತ್ತ ಬಂದಿರುವ ಚಿಣ್ಣರ ಮೇಳ ನಾಡಿಗೇ ಮಾದರಿ. ಮಠಗಳ ಮಾತಿಗೆ ಬಂದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನು ನೆನೆಯದಿರಲಾಗದು. ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ಅಲ್ಲಿ ಬೆಳೆಸಿದ ಶಿವಸಂಚಾರ ತಂಡವು 1997ರಿಂದ ಊರೂರಿಗೆ ನಾಟಕಗಳನ್ನು ಕೊಂಡೊಯ್ದಿದೆ. ನಾಟಕವೆಂಬುದು ಹೊತ್ತು ಕಳೆಯುವ ಆಟವಲ್ಲ, ಮನುಷ್ಯನನ್ನು ತಿದ್ದುವ ಸಾಧನವೆಂಬ ನಂಬಿಕೆ ಈ ಎಲ್ಲ ಪ್ರಯತ್ನಗಳ ಬೆನ್ನಿಗಿದೆ.

ಸವಾರಿಗೂ ಈಚೆಗೆ ಹೊಸ ಗೌರವ ಬಂದಿದೆ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ ಅವರು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಪಡೆದರು. 1982ರ ಬಳಿಕ ಭಾರತಕ್ಕೆ ಅಶ್ವಾರೋಹಣದಲ್ಲಿ ದೊರೆತ ಮೊದಲ ವೈಯಕ್ತಿಕ ಪದಕ ಅದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ಅಂತಿಮ ಸುತ್ತು ತಲುಪಿ 23ನೆಯವರಾದರು. ಈ ಎರಡೂ ಕಡೆ ಅವರನ್ನು ಹೊತ್ತದ್ದು ಒಂದೇ ಕುದುರೆ. ಗೆಲುವಿನ ಹಿಂದೆ ಎರಡು ಜೀವಗಳ ವರ್ಷಗಟ್ಟಲೆಯ ಒಡನಾಟವಿದೆಯೆಂಬುದನ್ನು ಮಕ್ಕಳಿಗೆ ಹೇಳುತ್ತಿದ್ದೆ. ಒಲಿಂಪಿಕ್ಸ್‌ನ ಈ ಸ್ಪರ್ಧೆಯಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಕಣದಲ್ಲಿ ಸೆಣಸುತ್ತಾರೆಂದು ಕೇಳಿ ಹೆಣ್ಣುಮಕ್ಕಳ ಮುಖ ಅರಳುತ್ತಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಮೂರನೆಯ ಬೇಸಿಗೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚಿತು. ಬೆಳಗ್ಗೆ ಒಂಬತ್ತರ ಬಳಿಕ ಸವಾರಿ ಬೇಡವೆಂದು ನಾನು ಇಟ್ಟಿದ್ದ ಕಟ್ಟುಪಾಡನ್ನು ಸಡಿಲಿಸಿ, ಹನ್ನೊಂದೂವರೆಗೆ ಮತ್ತೊಂದು ತಂಡವನ್ನು ಏರಿಸಬೇಕೆಂದು ವ್ಯವಸ್ಥಾಪಕರು ಹೇಳಿದರು. ಕುದುರೆ ಮನುಷ್ಯನಂತೆಯೇ ಮೈಯೆಲ್ಲ ಬೆವತು ತಂಪಾಗುವ ಪ್ರಾಣಿ. ಏಪ್ರಿಲ್ ಬಿಸಿಲಿನಲ್ಲಿ ದುಡಿಸಿದರೆ ನೀರೂ ಲವಣವೂ ಸೋರಿ ನಿತ್ರಾಣವಾಗುತ್ತದೆ. ಬೆವರಿನ ಮೇಲೆ ಜೀನು ಉಜ್ಜಿ ಬೆನ್ನು ಹುಣ್ಣಾಗುತ್ತದೆ. ಹೀಗೆಂದು ವಿವರಿಸಿ, ಸಾಧ್ಯವಿಲ್ಲವೆಂದೆ. ಅವರು ಒಪ್ಪಿದರಾದರೂ ಮನಸ್ಸಿಟ್ಟು ಒಪ್ಪಲಿಲ್ಲ.

ಕೊನೆಯ ದಿನದ ಪ್ರದರ್ಶನ ಸಮೀಪಿಸಿದಾಗ ಇನ್ನೊಂದು ಬೇಡಿಕೆ ಬಂದಿತು. ವೇದಿಕೆಗೆ ಗೌರಿಯನ್ನು ಹತ್ತಿಸಬೇಕು, ತಮಟೆ ಬಾರಿಸಿ ಪಟಾಕಿ ಹಾರಿಸುವ ನಡುವೆ ರಾಜನ ವೇಷದ ಹುಡುಗ ಅದರ ಮೇಲೆ ಬರಬೇಕು, ತಂದೆತಾಯಿಗಳು ಚಿತ್ರ ತೆಗೆದುಕೊಳ್ಳುತ್ತಾರೆ! ರಾಜನ ಪಾತ್ರ ಯಾರದೆಂಬ ಪೈಪೋಟಿಯೂ ಎದ್ದಿತು. ಒಬ್ಬರು ತಮ್ಮ ಮಗನಿಗೆ ಆ ಪಾತ್ರ ಕೊಟ್ಟರೆ ಶಿಬಿರಕ್ಕೆ ಕಾಣಿಕೆ ಸಲ್ಲಿಸುವೆನೆಂದರು. ನನಗೆ ಇದರಿಂದ ಅಚ್ಚರಿಯಾಗಲಿಲ್ಲ. ನಮ್ಮ ಹಳ್ಳಿಯ ನಾಟಕಗಳಲ್ಲಿಯೂ ಕೃಷ್ಣ, ದುರ್ಯೋಧನರ ಪಾತ್ರಕ್ಕೆ ಹೆಚ್ಚು ಹಣ ಕೊಡಬೇಕಾದ ವಾಡಿಕೆಯುಂಟು. ಆದರೆ ಅಲ್ಲಿ ಕೊಡುವವನು ದುಡಿಯುವ ಗಂಡಸು; ಆ ಹಣದಿಂದಲೇ ಸೀನರಿಯ ಬಾಡಿಗೆ, ಮೇಷ್ಟ್ರ ಸಂಭಾವನೆ ಸಲ್ಲುತ್ತದೆ. ಮಕ್ಕಳ ನಡುವೆ ಅದು ನುಸುಳಿದರೆ ಸಮತೆಯ ಪಾಠವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ.

ನಾನು ಎರಡಕ್ಕೂ ಇಲ್ಲವೆಂದೆ. ಮೆರವಣಿಗೆಗೆಂದು ವರ್ಷಗಟ್ಟಲೆ ಪಳಗಿಸಿದ ಪೊಲೀಸ್ ಕುದುರೆಯೇ ಬೇರೆ. ಆ ಅಭ್ಯಾಸವಿಲ್ಲದ ಗೌರಿ ಬೆದರಿದರೆ ನಾಲ್ಕೈದು ನೂರು ಕಿಲೋ ತೂಕದ ಆ ದೇಹವನ್ನು ತಡೆಯುವವರಾರು? ಮುಂದೆ ಕುಳಿತಿರುವವರು ಮಕ್ಕಳು. "ಹಾಗಾದರೆ ಮುಂದಿನ ವರ್ಷ ತಮಗೆ ತೊಂದರೆ ಕೊಡುವುದಿಲ್ಲ" ಎಂದು ವ್ಯವಸ್ಥಾಪಕರು ವಿನಯದಿಂದಲೇ ಹೇಳಿದರು. ಅರ್ಥವಾಯಿತು. ಪಿಂಚಣಿಯ ಜೊತೆಗೆ ಬರುತ್ತಿದ್ದ ಆ ಸಂಬಳ ನಮ್ಮ ಮನೆಗೆ ಬೇಕಾಗಿತ್ತು; ಆದರೂ ಮಾತು ಬದಲಿಸಲಿಲ್ಲ.

ಸಂಜೆ ಮಕ್ಕಳನ್ನು ಕೂಡಿಸಿ, ಕುದುರೆ ವೇದಿಕೆಗೆ ಬರುವುದಿಲ್ಲ, ಏನು ಮಾಡೋಣವೆಂದು ಕೇಳಿದೆ. ಹಳ್ಳಿಯ ಆ ಹುಡುಗಿ, "ಮೇಷ್ಟ್ರೇ, ಜಾತ್ರೇಲಿ ಕೀಲುಕುದುರೆ ಬರುತ್ತಲ್ಲಾ!" ಎಂದಳು. ಸರಿ, ಬಿದಿರಿನ ದಬ್ಬೆ ಸೀಳಿ, ಹಳೆಯ ಸೀರೆ ಸುತ್ತಿ, ಕಾಗದ ಅಂಟಿಸಿ, ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಕುದುರೆ ಸಿದ್ಧವಾಯಿತು. ಕಥೆಯನ್ನೂ ಮಕ್ಕಳೇ ಹೆಣೆದರು: ಉರಿಬಿಸಿಲಿನಲ್ಲಿ ಓಡೆಂದು ಅಪ್ಪಣೆ ಮಾಡಿದ ಅರಸ, ನೆರಳಿಗೆ ಹೋಗಿ ನಿಂತುಬಿಟ್ಟ ಕುದುರೆ. ದೃಶ್ಯಕ್ಕೊಬ್ಬರಂತೆ ಐವರು ಅರಸರಾದರು. ಒಬ್ಬನ ಸೊಂಟದಿಂದ ಬಿಚ್ಚಿದ ಕುದುರೆಯನ್ನು ಮುಂದಿನವಳ ಸೊಂಟಕ್ಕೆ ಇತರರು ಕಟ್ಟುವರು. ಮೊದಲು ಕೂಗಾಡುತ್ತಿದ್ದ ಆ ಹುಡುಗ ರಾಜನ ಪಾತ್ರ ಬೇಡವೆಂದು ನೀರು ತರುವ ಸೇವಕನಾದ. ಗೌರಿ ಅಷ್ಟು ಹೊತ್ತೂ ಲಾಯದಲ್ಲಿ ಹುಲ್ಲು ಮೇಯುತ್ತಿತ್ತು.

ಕೀಲುಕುದುರೆಯ ವಿಶೇಷವನ್ನು ತಾವು ಗಮನಿಸಿದ್ದೀರಾ? ಅದನ್ನು ಕಟ್ಟಿಕೊಂಡವನು ಸೊಂಟದ ಮೇಲೆ ಸವಾರ, ಸೊಂಟದ ಕೆಳಗೆ ಕುದುರೆ. ಏರಿದವನೂ ಅವನೇ, ಹೊತ್ತವನೂ ಅವನೇ. ಬೇರೊಂದು ಜೀವದ ಕಾಲಿನಲ್ಲಿ ನಿಂತು ನೋಡುವ ಈ ವಿದ್ಯೆಯೇ ನಾಟಕದ ತಿರುಳು. ಸವಾರಿಯ ತಿರುಳೂ ಅದೇ. ಬೇಸಿಗೆಯ ಮೂರು ವಾರಗಳಲ್ಲಿ ಯಾವ ಮಗುವೂ ನಿಪುಣ ಸವಾರನಾಗಲಾರದು, ನುರಿತ ನಟನಾಗಲಾರದು. ತನ್ನ ಸುಖವನ್ನು ಹೊತ್ತಿರುವ ಇನ್ನೊಂದು ಬೆನ್ನಿದೆ ಎಂಬ ಅರಿವು ಮಾತ್ರ ಮೂರು ವಾರಗಳಲ್ಲಿ ಬರಬಲ್ಲದು.

ಆದುದರಿಂದ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮಗು ಶಿಬಿರದಿಂದ ಮರಳಿದಾಗ ಯಾವ ಪಾತ್ರ ಸಿಕ್ಕಿತು, ಯಾವ ಬಹುಮಾನ ಬಂದಿತು ಎಂದು ಮೊದಲು ಕೇಳಬೇಡಿ. ಕುದುರೆಗೆ ನೀರು ಕೊಟ್ಟೆಯಾ ಎಂದು ಕೇಳಿ. ಶಿಬಿರವನ್ನು ಆರಿಸುವಾಗಲೂ ವೇದಿಕೆಯ ಅಲಂಕಾರಕ್ಕೆ ಮಾರುಹೋಗದೆ ಒಮ್ಮೆ ಲಾಯದತ್ತ ನಡೆದು ನೋಡಿ. ಮೂಕಪ್ರಾಣಿಯ ಬೆನ್ನು ಹುಣ್ಣಿಲ್ಲದೆ ಇರುವ ಕಡೆ ತಮ್ಮ ಮಗುವಿನ ಮನಸ್ಸೂ ಕ್ಷೇಮವಾಗಿರುತ್ತದೆ.