ಉಸಿರಿಗೆ ಬರುವ ಮೀನು

ಬಿಜಾಪುರದವರು ಮೀನು ಹಿಡಿಯುವ ಮಾತಾಡಿದರೆ ಕರಾವಳಿಯ, ಮಲೆನಾಡಿನ ಗೆಳೆಯರು ನಗುತ್ತಾರೆ. (2014ರಲ್ಲಿ ಊರಿನ ಹೆಸರು ವಿಜಯಪುರ ಆಯಿತು. ನಮ್ಮ ಬಾಯಲ್ಲಿ ಇನ್ನೂ ಬಿಜಾಪುರವೇ.) "ನಿಮ್ಮಲ್ಲಿ ಕುಡಿಯೋಕೇ ನೀರಿಲ್ಲ, ಮೀನೆಲ್ಲಿಂದ ಬರಬೇಕು ಮಾರಾಯಾ" ಎಂದು ಮಂಗಳೂರಿನ ಗೆಳೆಯನೊಬ್ಬ ಸೆಮಿನಾರಿನಲ್ಲಿ ಕೇಳಿದ್ದ. ನನ್ನ ಬಾಲ್ಯದ ಮಟ್ಟಿಗೆ ಅವನ ಮಾತು ನಿಜವೇ. ಬಬಲೇಶ್ವರ ಕಡೆಯ ನಮ್ಮೂರಿನ ಕೆರೆಯಲ್ಲಿ ಹೈಸ್ಕೂಲು ಮುಗಿಸುವ ತನಕ ನಾನು ಈಜಿದ್ದಿಲ್ಲ, ಕ್ರಿಕೆಟ್ ಆಡಿದ್ದೇನೆ. ತೂಬಿನ ಹತ್ತಿರದ ಕಲ್ಲು ನಮಗೆ ವಿಕೆಟ್ಟು. ಕೆರೆಯಂಗಳದ ತುಂಬ ಜಾಲಿ ಕಂಟಿ ಬೆಳೆದಿತ್ತು. ಚೆಂಡು ಅದರೊಳಗೆ ಹೋದರೆ ತರುವವನ ಕಾಲಿಗೆ ಮುಳ್ಳು ಗ್ಯಾರಂಟಿ.

ಆಮೇಲೆ ಕೃಷ್ಣೆಯ ನೀರನ್ನು ಏತದಿಂದ ಎತ್ತಿ ಕೆರೆಗಳಿಗೆ ತುಂಬಿಸುವ ಕೆಲಸ ಶುರುವಾಯಿತು. ಮುಳವಾಡ ಏತ ನೀರಾವರಿ, ತುಬಚಿ-ಬಬಲೇಶ್ವರ ಏತ ನೀರಾವರಿ ಎಂಬ ಹೆಸರುಗಳು ಮನೆಮನೆಯ ಮಾತಾದವು. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರು ಬೋರು ಕೊರೆಸಿ ಕೊರೆಸಿ ಸೋತಿದ್ದರು, ಅವರ ಹಳ್ಳಗಳಲ್ಲಿ ನೀರು ಕಂಡಿತು. ಮಮದಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹಿಯ ಕಾಲದ ದೊಡ್ಡ ಕೆರೆಗೂ ನೀರು ಬಂತು. ನಮ್ಮೂರಿನ ಚಿಕ್ಕ ಕೆರೆಗೂ ಬಂತು. ಅಪ್ಪ ಅದನ್ನು ನೋಡಲಿಲ್ಲ, ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಈಗ ನಾನು ಪಿಎಚ್‌ಡಿ ಮಾಡುತ್ತಿರುವುದು ನಮ್ಮ ಜಿಲ್ಲೆಯ ನೀರಿನ ಪದಗಳ ಮೇಲೆ. ಹಳ್ಳ, ಒಡ್ಡು, ಬಾವಡಿ, ಹೊಂಡ, ಮಡು. ಪದ ಕೇಳಲು ಊರೂರು ಅಲೆಯುವಾಗ ಕೆರೆಯ ಮೀನು ಗುತ್ತಿಗೆ ಹಿಡಿದ ಸೊಸಾಯಿಟಿಯ ಅಂಬಿಗರ ಕಾಕಾ ಒಬ್ಬರು ಪರಿಚಯವಾದರು. ಪದಗಳಿಗಾಗಿ ಹೋದವನು ಗಾಳ ಹಿಡಿದುಕೊಂಡು ಬಂದೆ. ಅವರ ಒಪ್ಪಿಗೆ ಇಲ್ಲದೆ ಆ ಕೆರೆಯಲ್ಲಿ ಯಾರೂ ಗಾಳ ಹಾಕುವಂತಿಲ್ಲ. ನನಗೆ ಅವರು ಕೊಟ್ಟ ಒಪ್ಪಿಗೆಗೂ ಒಂದು ಷರತ್ತಿತ್ತು: ಕಾಟ್ಲಾ, ರೋಹು ಮುಟ್ಟಬಾರದು. ಅವು ಸೊಸಾಯಿಟಿ ರೊಕ್ಕ ಕೊಟ್ಟು ಮರಿ ತಂದು ಬಿಟ್ಟ ಮೀನು. ಅವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ, ಪ್ರವಾಹದ ಹೊಳೆಯೇ ಬೇಕು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಅವುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಈ ಮರಿ ಬಿಡುವ ವ್ಯವಹಾರ ದೇಶದಲ್ಲಿ ಬೆಳೆದದ್ದು. "ಮರಳ ಬೇಕಾದಷ್ಟು ಹಿಡಿ ತಮ್ಮಾ. ಅದನ್ನ ನಾವು ತಂದಿಲ್ಲ, ತಾನ ಬಂದೈತಿ. ನಮ್ಮ ಮರೀನೂ ತಿಂತೈತಿ" ಎಂದರು ಕಾಕಾ.

ಮೈಸೂರು ಕಡೆ ಕೊರವ, ಕುಚ್ಚು ಅನ್ನುವ ಜಾತಿಯ ಮೀನಿದು. ಹಾವಿನಂಥ ತಲೆ, ಉದ್ದ ಮೈ, ಬಾಯಿ ತುಂಬ ಹಲ್ಲು. ಇದರಲ್ಲೇ ದೊಡ್ಡ ಜಾತಿಯೊಂದಿದೆ. ಅದರ ಬಾಲದ ಬುಡದಲ್ಲಿ ಅಂಚುಗಟ್ಟಿದ ಕಪ್ಪು ಕಣ್ಣಿನ ಗುರುತಿರುತ್ತದೆ, ಬೆಳೆದರೆ ಮೀಟರು ದಾಟುತ್ತದೆ. ಮಳೆಯ ಜೊತೆ ಆಕಾಶದಿಂದ ಬೀಳುತ್ತದೆ ಎಂದು ಹಳ್ಳಿಗಳಲ್ಲಿ ನಂಬುವವರು ಈಗಲೂ ಇದ್ದಾರೆ. ಹಾಗೆ ನಂಬಲು ಕಾರಣವಿಲ್ಲದಿಲ್ಲ. ಸಣ್ಣ ಜಾತಿಯದು ಕೆರೆ ಬತ್ತಿದಾಗ ಹಸಿ ಕೆಸರೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು, ಮಳೆಯಲ್ಲಿ ಒದ್ದೆ ನೆಲದ ಮೇಲೆ ಒಂದು ಹೊಂಡದಿಂದ ಇನ್ನೊಂದಕ್ಕೆ ತೆವಳಬಲ್ಲದು.

ಗಾಳದ ಮೊದಲ ಪಾಠ ನನಗೆ ಸಿಕ್ಕಿದ್ದು ಯೂಟ್ಯೂಬಿನಲ್ಲಿ. ಅಲ್ಲಿ ಮಾತಾಡುವವರು ಅಮೆರಿಕದವರು, ಅವರ ಮೀನು ಬಾಸ್. ನಾನು ಕೊಂಡ ರಬ್ಬರ್ ಕಪ್ಪೆಯೂ ಮೂಲತಃ ಬಾಸ್‌ಗೆಂದು ಹುಟ್ಟಿದ್ದು. ಪೊದೆಯಲ್ಲಿ ಕೂತು ಹೊಂಚುಹಾಕುವ ಸ್ವಭಾವ ಎರಡಕ್ಕೂ ಒಂದೇ ಆದ್ದರಿಂದ ನಮ್ಮ ದೇಶದ ಗಾಳದವರು ಅದನ್ನು ಮರಳಕ್ಕೆ ಒಗ್ಗಿಸಿಕೊಂಡಿದ್ದಾರೆ. ಬೇಸಿಗೆಯಲ್ಲಿ ದೊಡ್ಡ ಮೀನು ಬೇಕೆಂದರೆ ನಸುಕಿನಲ್ಲಿ ಏಳು, ನೆರಳು ಹುಡುಕು, ಇಲ್ಲವಾದರೆ ಆಳಕ್ಕೆ ಹೋಗು ಎಂಬುದು ಅಲ್ಲಿಯ ಮೂರು ಮಾತು. ಮೊದಲ ಎರಡನ್ನು ನಮ್ಮ ಕೆರೆಯೂ ಒಪ್ಪುತ್ತದೆ. ಮೂರನೆಯದಕ್ಕೆ ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುವ ನನ್ನ ಗೆಳೆಯ ತಕರಾರು ತೆಗೆದ.

ಅವನು ಬಾಟಲಿಗಳಲ್ಲಿ ಕೆರೆಯ ನೀರು ತುಂಬಿಕೊಂಡು ಹೋಗಿ ಅದರಲ್ಲಿ ಕರಗಿದ ಆಮ್ಲಜನಕ ಎಷ್ಟೆಂದು ಅಳೆಯುವವ. ಅವನ ಲೆಕ್ಕ ಹೀಗೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ, 35ಕ್ಕೆ ಏಳರ ಹತ್ತಿರ. ಇತ್ತ ನೀರು ಬಿಸಿಯಾದಷ್ಟೂ ಮೀನಿನ ಮೈ ಜೋರಾಗಿ ಉರಿಯುತ್ತದೆ, ಉಸಿರು ಹೆಚ್ಚು ಬೇಕು, ಕೂಳೂ ಹೆಚ್ಚು ಬೇಕು. ಗಾಳಿ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಕೆರೆಯ ಮೇಲಿನ ನೀರು ಬಿಸಿ, ಕೆಳಗಿನದು ತಂಪು. ಎರಡೂ ಬೆರೆಯುವುದಿಲ್ಲ. ತಳದಲ್ಲಿ ಕೊಳೆಯುವ ಎಲೆ, ಪಾಚಿ ಅಲ್ಲಿದ್ದ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ತಂಪಿದೆಯೆಂದು ಆಳಕ್ಕೆ ಹೋದ ಮೀನಿಗೆ ಅಲ್ಲಿ ಉಸಿರಿಲ್ಲ. ಪಾಚಿ ದಟ್ಟವಾಗಿದ್ದರೆ ರಾತ್ರಿಯಿಡೀ ಅದೂ ಉಸಿರಾಡುವುದರಿಂದ ಬೆಳಕು ಹರಿಯುವ ಮುನ್ನವೇ ನೀರು ತೀರಾ ಬಡವಾಗಿರುತ್ತದೆ. ತಿಕೋಟಾದ ಸಂಬಂಧಿಕರೊಬ್ಬರ ದ್ರಾಕ್ಷಿ ತೋಟದ ಕೃಷಿಹೊಂಡದಲ್ಲಿ ಅದನ್ನು ಕಣ್ಣಾರೆ ಕಂಡೆ. ಪ್ಲಾಸ್ಟಿಕ್ ಹಾಸಿದ ಹೊಂಡ, ಸುತ್ತ ಒಂದು ಮರದ ನೆರಳಿಲ್ಲ. ನಸುಕಿನ ಐದಕ್ಕೆ ರೋಹುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮಾಮಾ ಪಂಪು ಹಚ್ಚಿ ಅದೇ ನೀರನ್ನು ಎತ್ತರದಿಂದ ಹೊಂಡಕ್ಕೇ ಸುರಿದರು. ಅರ್ಧ ತಾಸಿನಲ್ಲಿ ಮೀನೆಲ್ಲ ಸುರಿಯುವ ನೀರಿನ ಸುತ್ತ ನೆರೆದವು. ಕೆರೆಗಳಲ್ಲೂ ಹೀಗೆಯೇ. ಬೇಸಿಗೆಯಲ್ಲಿ ಏತದ ನೀರು ಬಿಟ್ಟ ದಿನ ದೊಡ್ಡ ಕಾಟ್ಲಾಗಳು ಪೈಪಿನ ಬಾಯಿಯ ಹತ್ತಿರವೇ ಇರುತ್ತವೆ. ಷರತ್ತು ನೆನಪಿದ್ದುದರಿಂದ ನಾನು ಅತ್ತ ಹೋಗುವುದಿಲ್ಲ.

ಮರಳಕ್ಕೆ ಈ ಯಾವ ಕಷ್ಟವೂ ಇಲ್ಲ. ಅದರ ತಲೆಯಲ್ಲಿ ಕಿವಿರಿನ ಮೇಲೊಂದು ಪುಟ್ಟ ಕೋಣೆಯಿದೆ, ಅದು ನೇರವಾಗಿ ಗಾಳಿಯನ್ನೇ ಸೇವಿಸುತ್ತದೆ. ಆದರೆ ಇದು ಅದಕ್ಕೆ ಬೇಕಾದಾಗ ಬಳಸುವ ಅನುಕೂಲವಾಗಿ ಉಳಿದಿಲ್ಲ. ಬೆಳೆದ ಮರಳವನ್ನು ಮೇಲೆ ಬರದಂತೆ ತಡೆದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ. ನೀರು ಬಿಸಿಯಾದಷ್ಟೂ ಹೆಚ್ಚು ಸಲ ಮೇಲೆ ಬರಬೇಕು. ಮೇ ತಿಂಗಳ ಬಿಸಿಲು ಉಳಿದ ಮೀನುಗಳನ್ನು ಬಳಲಿಸಿದರೆ ಮರಳದ ವಿಳಾಸವನ್ನು ಹೊರಗೆ ಹಾಕುತ್ತದೆ.

ಹಾಗಾಗಿ ಹೋದ ಕೂಡಲೇ ಗಾಳ ಎಸೆಯುವುದಲ್ಲ, ಕೂಡುವುದು. ಗುಳುಕ್ ಎಂಬ ಒಂದು ಸಪ್ಪಳ, ಸಣ್ಣದೊಂದು ಸುಳಿ, ಹಿಂದೆ ನಾಲ್ಕಾರು ಗುಳ್ಳೆ. ಸಣ್ಣ ಮೀನು ಚಟಕ್ಕನೆ ಬಂದು ಹೋಗುತ್ತದೆ. ದೊಡ್ಡದು ಅವಸರ ಮಾಡುವುದಿಲ್ಲ, ನೀರನ್ನು ಮೆತ್ತಗೆ ಮಡಚಿ ಹೋಗುತ್ತದೆ. ಎರಡನೆಯ ಸಲ ಅದೇ ಜಾಗದಲ್ಲಿ ಎದ್ದರೆ ಅಲ್ಲಿ ಅದಕ್ಕೊಂದು ಮನೆಯಿದೆ ಎಂದರ್ಥ. ಕಪ್ಪೆಯನ್ನು ಅದರ ತಲೆಯ ಮೇಲೆ ಬೀಳಿಸಬಾರದು. ಆಚೆಗೆ ಎಸೆದು, ಜೊಂಡಿನ ಮೇಲಿಂದ ಕುಪ್ಪಳಿಸುತ್ತ ತಂದು, ಬಯಲು ನೀರಿಗೆ ಇಳಿಸಿ ನಿಲ್ಲಿಸಬೇಕು. "ಹೊಡೀತು ಅಂತ ಎಳೀಬ್ಯಾಡ. ಬಾಯಾಗ ಹಾಕ್ಕೊಂಡು ತಿರಗಲಿ. ಒಂದು, ಎರಡು ಅನ್ನು, ಆಮ್ಯಾಲ ಎಳಿ" ಎಂಬುದು ಕಾಕಾನ ಲೆಕ್ಕ. ಎಣಿಸುವಾಗ ಎದೆ ಹೊಡೆದುಕೊಳ್ಳುವುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಕಲೆಗೆ ನಮ್ಮ ಸೀಮೆಯಲ್ಲಿ ಹಳೆಯ ಪುಸ್ತಕವೊಂದಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'. ಅದರಲ್ಲಿ 'ಮತ್ಸ್ಯವಿನೋದ' ಎಂಬ ಭಾಗವಿದೆ. ಮೀನುಗಳನ್ನು ಸಮುದ್ರದವು, ಸಿಹಿನೀರಿನವು ಎಂದೂ, ಹುರುಪೆ ಇರುವವು, ಇಲ್ಲದವು ಎಂದೂ ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಎಂದು ಹೇಳುತ್ತದೆ. ಮೀನು ವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಇಂಗ್ಲಿಷಿನಲ್ಲಿ ಬರೆದರು. ಕನ್ನಡ ನಾಡನ್ನು ಆಳಿದ ಅರಸನೊಬ್ಬ ಗಾಳದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡಿದ್ದ ಎಂಬುದು ನನಗೆ ಖುಷಿ ಕೊಟ್ಟಿತು. ಆದರೆ ಅರಸನ ವಿನೋದ ಅರಸನದೇ. ತಿನಿಸು ಹಾಕಿ ಮೀನನ್ನು ತನ್ನ ಹತ್ತಿರ ಕರೆಸಿಕೊಳ್ಳುವಷ್ಟು ಪುರುಸೊತ್ತು, ಆಳುಕಾಳು ಅವನಿಗಿತ್ತು. ನಮ್ಮಂಥವರು ಮೀನಿದ್ದಲ್ಲಿಗೆ ಹೋಗಬೇಕು.

ಹೋಗುವುದಕ್ಕೆ ನನ್ನ ಹತ್ತಿರ ಯೂಟ್ಯೂಬಿನವರಿಗಿಲ್ಲದ ಒಂದು ನಕ್ಷೆಯಿದೆ. ಅವರು ನೀರಿನ ತಳ ನೋಡಲು ಯಂತ್ರ ಇಟ್ಟುಕೊಂಡಿರುತ್ತಾರೆ. ನಾನು ಆ ತಳದಲ್ಲಿ ಓಡಾಡಿದವನು. ಈಗ ನೀರಿನಲ್ಲಿ ಕರ್ರಗೆ ನಿಂತ ಜಾಲಿ ಕಂಟಿ ಎಲ್ಲಿ ದಟ್ಟವಾಗಿತ್ತು, ಹಳ್ಳದ ಹಳೇ ದಾರಿ ಎಲ್ಲಿ ತಿರುಗುತ್ತಿತ್ತು, ಬೌಂಡರಿ ಗೆರೆ ಎಲ್ಲಿತ್ತು ಎಲ್ಲ ಗೊತ್ತು. ಮತ್ತೆ ಅಪ್ಪನ ಗುಂಡಿ. ಬರದ ವರ್ಷಗಳಲ್ಲಿ ಊರವರು ಕೆರೆಯ ಹೂಳು ತೆಗೆದು ಹೊಲಕ್ಕೆ ಹಾಕುತ್ತಿದ್ದರು. ಅಪ್ಪ ಎರಡು ಬೇಸಿಗೆ ಚಕ್ಕಡಿ ಹೂಡಿ ಒಂದೇ ಜಾಗದಿಂದ ಮಣ್ಣು ಹೇರಿದರು. ಉಳಿದವರು ಟ್ರ್ಯಾಕ್ಟರು ತಂದು ಅಗಲಕ್ಕೆ ಕೆರೆದರೆ, ಇವರದು ಕಿರಿದಾದ, ಕಡಿದಾದ ಗುಂಡಿ. "ಕೆರಿ ತುಂಬಿದ್ರ ಇಲ್ಲಿ ಒಂದ ಆನಿ ಮುಳಗ್ತೈತಿ ನೋಡು" ಎನ್ನುತ್ತಿದ್ದರು. ಕೆರೆ ತುಂಬುತ್ತದೆಂದು ಆಗ ಯಾರೂ ನಂಬಿರಲಿಲ್ಲ. ಅವರು ನಂಬಿದ್ದರೋ ಇಲ್ಲವೋ, ಕೇಳಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಗುಂಡಿಯ ಅಂಚಿಗೆ ಜೊಂಡು, ಮಗ್ಗುಲಲ್ಲೇ ಮುಳುಗಿದ ಜಾಲಿ. ಹೊಂಚುಹಾಕಲು ಅಂಚು, ಅಡಗಲು ಆಳ, ಉಸಿರಿಗೆ ಮೇಲೆ ಬಯಲು. ದೊಡ್ಡ ಮರಳಕ್ಕೆ ಇನ್ನೇನು ಬೇಕು?

ಕಳೆದ ಮೇ ತಿಂಗಳಲ್ಲಿ ಅಲ್ಲಿ ಮೂರು ನಸುಕು ಬರೀ ಕೂತೆ. ನಾಲ್ಕನೆಯ ದಿನ ಆರು ಗಂಟೆ ಹೊತ್ತಿಗೆ ಕಪ್ಪೆ ಗುಂಡಿಯ ಅಂಚಿಗೆ ಬಂದು ನಿಂತಾಗ ನೀರು ಒಡೆಯಿತು. ಒಂದು, ಎರಡು. ಎಳೆದ ಮೇಲೆ ಅದು ನೇರ ಜಾಲಿಯೊಳಕ್ಕೆ ನುಗ್ಗಲು ನೋಡಿತು. ದಪ್ಪ ದಾರ ಹಾಕಿರುವುದು ಇದಕ್ಕೇ. ಆಟ ಆಡಿಸುವ ಸೊಗಸು ಇಲ್ಲಿ ನಡೆಯುವುದಿಲ್ಲ, ಕಂಟಿಗೆ ಸುತ್ತಿಕೊಂಡರೆ ಮೀನೂ ಹೋಯಿತು, ಗಾಳ ಕಚ್ಚಿಕೊಂಡೇ ಅದು ಸಾಯುತ್ತದೆ. ಎರಡು ನಿಮಿಷದಲ್ಲಿ ದಂಡೆಗೆ ಬಂತು. ಕಾಕಾನ ತಕ್ಕಡಿಯಲ್ಲಿ ನಾಲ್ಕು ಕಿಲೋ ಮೇಲೆ ಇನ್ನೂರು ಗ್ರಾಂ. ಬಾಲದ ಬುಡದ ಕಪ್ಪು ಕಣ್ಣು ನನ್ನನ್ನೇ ನೋಡುತ್ತಿತ್ತು.

ಹಿಡಿದು, ಫೋಟೋ ತೆಗೆದು, ಮುತ್ತಿಟ್ಟು ಬಿಡುವುದು ಈಗಿನ ರೂಢಿ. ಬೇಸಿಗೆಯ ಮಟ್ಟಿಗೆ ನನಗೆ ಅದರ ಮೇಲೆ ಅಷ್ಟು ಗೌರವವಿಲ್ಲ. ಬಿಸಿ ನೀರಿನಲ್ಲಿ ದಣಿಯುವ ತನಕ ಆಡಿಸಿದ ರೋಹು, ಕಾಟ್ಲಾ ಬಿಟ್ಟಾಗ ಈಜಿಕೊಂಡು ಹೋದರೂ ಎಷ್ಟೋ ಸಲ ಆಮೇಲೆ ಸಾಯುತ್ತವೆ, ನೋಡಲು ನಾವು ಅಲ್ಲಿರುವುದಿಲ್ಲ ಅಷ್ಟೆ. ಗಾಳಿ ಸೇವಿಸುವ ಮರಳ ಇದನ್ನು ಹೆಚ್ಚು ತಾಳುತ್ತದೆ, ನಿಜ. ಆದರೂ ಗಾಳ ಎಸೆಯುವ ಮೊದಲೇ ತಿನ್ನುವುದೋ ಬಿಡುವುದೋ ನಿರ್ಧಾರವಾಗಿರಬೇಕು. ಅಂದು ನಾನು ನಿರ್ಧರಿಸಿದ್ದು ತಿನ್ನುವುದೆಂದು. ಮೀನು ಕಾಕಾನ ಮನೆಗೆ ಹೋಯಿತು. ಕಾಕೂ ಖಾರ ಹಚ್ಚಿ ಹುರಿದರು, ಜೋಳದ ರೊಟ್ಟಿಯ ಜೊತೆ ಅಲ್ಲೇ ಉಂಡೆ.

ನಮ್ಮ ಮನೆಯಲ್ಲಿ ತತ್ತಿಯೂ ಬರುವುದಿಲ್ಲ. ಅವ್ವನಿಗೆ ನನ್ನ ಗಾಳದ ಸುದ್ದಿ ಗೊತ್ತಾದ ದಿನ ಮಡಿ, ಜಾತಿ ಯಾವುದರ ಮಾತೂ ಆಡಲಿಲ್ಲ. "ನೀರಿಗಾಗಿ ಜೀವ ತೇಯ್ದವರ ಮಗಾ ನೀ. ನೀರ ಬಂದು ಇನ್ನಾ ಹತ್ತ ವರ್ಷ ಆಗಿಲ್ಲ, ಅದರಾಗಿನ ಜೀವ ತಗೀಲಿಕ್ಕೆ ನಿಂತ್ಯಲ್ಲೋ" ಎಂದಿದ್ದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಕೆರೆ ಎಂದರೆ ಅವಳಿಗೆ ಸಂಜೆ ಒಡ್ಡಿನ ಮೇಲೆ ನಿಂತು ನೋಡುವ ನೀರು. ನನಗೆ ಅದರೊಳಗೆ ಯಾರು ತಿನ್ನುತ್ತಾರೆ, ಯಾರು ಉಸಿರಾಡುತ್ತಾರೆ, ನೀರು ಎಷ್ಟು ಇಳಿಯಿತು ಎಂದು ತಿಳಿದದ್ದು ಗಾಳ ಹಿಡಿದ ಮೇಲೆ. ಇದನ್ನು ಅವಳಿಗೆ ಹೇಳಿದರೆ ವಕೀಲನ ವಾದದಂತೆ ಕೇಳಿಸುತ್ತದೆ.

ಆ ದಿನ ಮಧ್ಯಾಹ್ನ ಮನೆಗೆ ಹೋದಾಗ ಕೈಯ ವಾಸನೆಯಿಂದಲೇ ಗೊತ್ತಾಗಿರಬೇಕು.

"ಎಲ್ಲಿ ಸಿಕ್ತು?" ಎಂದಳು.

"ಅಪ್ಪನ ಗುಂಡ್ಯಾಗ."

ಕಾಳು ಹಸನು ಮಾಡುತ್ತಿದ್ದ ಮೊರ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, "ಈಗ ಅಲ್ಲಿ ಎಷ್ಟ ಆಳ ಐತಿ?"

"ಎರಡಾಳು ಆದೀತು."

"ಈ ಬ್ಯಾಸಗ್ಯಾಗೂ?"

"ಹೂಂ."

ಮೊರ ಮತ್ತೆ ಆಡತೊಡಗಿತು. ಕೈಗೆ ಸೋಪು ಹಚ್ಚಿ ತೊಳೆದುಕೊಂಡು ಒಳಗೆ ಬಾ ಎಂದಳು.

ಮಿರಗದ ಮಳೆ ಬಿದ್ದ ಮೇಲೆ ನಾನು ಗಾಳ ಎತ್ತಿಡುತ್ತೇನೆ. ಮರಳ ಮರಿ ಮಾಡುವ ಕಾಲ ಅದು. ಸಾವಿರಾರು ಕೆಂಪು ಮರಿಗಳು ಗುಂಪಾಗಿ, ನೀರು ಕುದಿಯುವಂತೆ ಮೇಲೆದ್ದು ಗಾಳಿ ಕುಡಿಯುತ್ತ ತಿರುಗುತ್ತವೆ. ಕೆಳಗೆ ತಂದೆ ತಾಯಿ ಎರಡೂ ಕಾವಲು. ಆ ಹೊತ್ತಿನಲ್ಲಿ ಮರಿಗಳ ನಡುವೆ ಏನು ಬಿದ್ದರೂ ಅವು ಹಸಿವಿಲ್ಲದೆಯೂ ಬಂದು ಹೊಡೆಯುತ್ತವೆ. ವರ್ಷದಲ್ಲಿ ಎಲ್ಲಕ್ಕಿಂತ ದೊಡ್ಡ ಮರಳ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಹೀಗೆ, ಹಾಗೆ ಹಿಡಿಯುವವರೂ ಬಹಳ ಜನ. ಅವು ಹೋದ ಮೇಲೆ ಆ ಮರಿಗಳು ಮಧ್ಯಾಹ್ನದೊಳಗೆ ಉಳಿದ ಮೀನುಗಳ ಪಾಲು.

ಹೋದ ಜೂನ್‌ನಲ್ಲಿ ಕಾಕಾನ ಟ್ಯೂಬಿನ ತೆಪ್ಪದ ಮೇಲೆ ಕೂತು ಬಲೆ ಎತ್ತಲು ಹೋಗಿದ್ದೆ. ಗುಂಡಿಯ ಹತ್ತಿರ ಅಂಥದೊಂದು ಕೆಂಪು ಮೋಡ ಕಂಡಿತು. ಇವು ದೊಡ್ಡವಾದರೆ ಸೊಸಾಯಿಟಿಯ ಕಾಟ್ಲಾ ಮರಿ ತಿನ್ನುವಂಥವೇ, ಅದು ಕಾಕಾನಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ಹುಟ್ಟು ಹಾಕುವುದನ್ನು ನಿಲ್ಲಿಸಿ ಒಂದು ಬೀಡಿ ಮುಗಿಯುವ ತನಕ ನೋಡಿದರು. ಆಮೇಲೆ ತೆಪ್ಪವನ್ನು ಮರಿಗಳಿಗೆ ತಾಗದಂತೆ ಸುತ್ತುಹಾಕಿಸಿ ಆಚೆ ದಂಡೆಗೆ ಒಯ್ದರು.