ರಾಮಾಪುರದಲ್ಲಿ ಕಾಲ್ಚೆಂಡಿನ ಜಗಳ

ಹನೂರು ದಾಟಿ ಅಜ್ಜೀಪುರದ ಕಡೆಯಿಂದ ಬಂದರೂ ಸರಿ, ಕೌದಳ್ಳಿಯ ಕಡೆಯಿಂದ ಬಂದರೂ ಸರಿ, ರಾಮಾಪುರ ತಲುಪುವ ಹೊತ್ತಿಗೆ ಸುತ್ತಲೂ ಬೆಟ್ಟಗಳ ಸಾಲು ಕಾಣತೊಡಗುತ್ತದೆ. ಮುಂದೆ ನಾಲ್‌ರೋಡು, ಗರಿಕೆಕಂಡಿ. ಅದರಾಚೆ ತಮಿಳುನಾಡಿನ ಬರಗೂರು, ಅಂತಿಯೂರು. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಕೊಳ್ಳೇಗಾಲದ ಸೀಮೆಯೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಇಲ್ಲಿನ ಅಂಗಡಿ ಬೀದಿಯಲ್ಲಿ ಕನ್ನಡದ ಮಾತಿನ ನಡುವೆ ತಮಿಳು ಸಲೀಸಾಗಿ ನುಸುಳುತ್ತದೆ. ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ.

ಹೊರಗಿನವರಿಗೆ ರಾಮಾಪುರ ಎಂದರೆ ಇಂದಿಗೂ ನೆನಪಾಗುವುದು 1992. ಆ ವರ್ಷದ ಮೇ ತಿಂಗಳಲ್ಲಿ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಸಿ ಐವರು ಪೊಲೀಸರನ್ನು ಕೊಂದಿತು. ಅದೇ ಆಗಸ್ಟಿನಲ್ಲಿ ಮಿಣ್ಯಂ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿಯಾದರು. ವೈರ, ದಾಳಿ, ರಕ್ಷಣೆ ಎಂಬ ಮಾತುಗಳಿಗೆ ಆ ಕಾಲದಲ್ಲಿ ಈ ಊರಿನಲ್ಲಿ ಒಂದೇ ಅರ್ಥವಿತ್ತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಹತನಾದ. ಆ ನಂತರ ಹುಟ್ಟಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಅವರ ಬಾಯಲ್ಲೂ ಅದೇ ಮಾತುಗಳಿವೆ; ಅರ್ಥ ಮಾತ್ರ ಬೇರೆ.

2023ರ ಮಾರ್ಚ್ 3, ಶುಕ್ರವಾರ. ಶಿವರಾತ್ರಿಯ ಜಾತ್ರೆ ಮುಗಿದಿತ್ತು. ಯುಗಾದಿಗೆ ಇನ್ನೂ ದಿನಗಳಿದ್ದವು. ಟೀ ಅಂಗಡಿಯ ಬೆಂಚಿನ ಮೇಲೆ ಬೆಳಿಗ್ಗೆಯೇ ವಾದ ಶುರುವಾಗಿತ್ತು. ಸಂಜೆ ಏಳೂವರೆಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಪ್ಲೇ ಆಫ್ ಪಂದ್ಯ. ಬೆಂಗಳೂರು ಎಫ್‌ಸಿಗೆ ಎದುರಾಳಿ ಕೇರಳ ಬ್ಲಾಸ್ಟರ್ಸ್. ಲೀಗ್‌ನಲ್ಲಿ ಬೆಂಗಳೂರಿಗೆ 4ನೇ ಸ್ಥಾನ, ಕೇರಳಕ್ಕೆ 5ನೇ ಸ್ಥಾನ. ಸೋತವರು ಮನೆಗೆ, ಗೆದ್ದವರು ಸೆಮಿಫೈನಲ್‌ಗೆ.

ಕಾಡಂಚಿನ ಈ ಸೀಮೆಯಲ್ಲಿ ಫುಟ್ಬಾಲ್ ಹುಚ್ಚು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಉತ್ತರ ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿದೆ. 1974ರಲ್ಲಿ ಟಿಬೆಟನ್ ನಿರಾಶ್ರಿತರು ಅಲ್ಲಿ ಬಂದು ನೆಲೆಸಿದರು. ಮುಸುಕಿನ ಜೋಳದ ಹೊಲಗಳ ನಡುವೆ ಜೊಗ್ಚೆನ್ ಮಠ ಎದ್ದಿತು. ಟಿಬೆಟನ್ನರಿಗೆ ಫುಟ್ಬಾಲ್ ಎಂದರೆ ಪ್ರಾಣ. ದಲೈ ಲಾಮಾ ಅವರ ತಾಯಿಯ ಸ್ಮರಣೆಗಾಗಿ 1981ರಲ್ಲಿ ಆರಂಭವಾದ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ದೇಶದ ಬೇರೆ ಬೇರೆ ಟಿಬೆಟನ್ ವಸತಿಗಳ ತಂಡಗಳು ಸೆಣಸುತ್ತವೆ. ಜೊತೆಗೆ ದುಡಿಮೆಗೆಂದು ಕೇರಳಕ್ಕೆ, ಬೆಂಗಳೂರಿಗೆ ಹೋಗಿ ಬರುವ ಇಲ್ಲಿನ ಹುಡುಗರು ತಮ್ಮ ಚೀಲದಲ್ಲಿ ಒಂದೊಂದು ತಂಡದ ಅಂಗಿಯನ್ನೂ ತರುತ್ತಾರೆ.

ಅಂದು ಬೆಂಚಿನ ಒಂದು ತುದಿಯಲ್ಲಿ ಕೂತವನು ವಯನಾಡಿನಲ್ಲಿ ಎರಡು ವರ್ಷ ದುಡಿದು ಬಂದವನು. ಮೈಮೇಲೆ ಬ್ಲಾಸ್ಟರ್ಸ್‌ನ ಹಳದಿ ಅಂಗಿ. ಇನ್ನೊಂದು ತುದಿಯಲ್ಲಿ ದ್ವಿತೀಯ ಪಿಯುಸಿ ಹುಡುಗ. ಅವನದು ನೀಲಿ ಪಕ್ಷ. ಪರೀಕ್ಷೆ ಮಾರ್ಚ್ 9ಕ್ಕೆ, ಆರೇ ದಿನ. ಕೈಯಲ್ಲಿ ಪುಸ್ತಕವೇನೋ ಇತ್ತು, ತೆರೆದಿರಲಿಲ್ಲ.

“ಡಿಸೆಂಬರಲ್ಲಿ ಕೊಚ್ಚಿಯಲ್ಲಿ 3-2 ಹೊಡ್ದೊ. ಮರ್ತೋಯ್ತಾ?” ಎಂದ ಹಳದಿ ಅಂಗಿಯವನು.

“ಫೆಬ್ರವರೀಲಿ ಕಂಠೀರವದಲ್ಲಿ 1-0 ನಾವು ಗೆದ್ದಿದ್ದ ಯಾಕೆ ಹೇಳಲ್ಲ ಅಣ್ಣ? ಲೀಗಲ್ಲಿ ಕೊನೇ ಎಂಟು ಮ್ಯಾಚೂ ನಮ್ಮದೇ ಕನ” ಎಂದ ಹುಡುಗ.

ಈ ಎರಡು ತಂಡಗಳ ಪೈಪೋಟಿ ಹಳೆಯದೇನಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೂಪರ್ ಲೀಗ್‌ಗೆ ಬಂದದ್ದು 2017ರಲ್ಲಿ. ಆ ವರ್ಷದ ಕೊನೆಯ ದಿನ ಕೊಚ್ಚಿಯಲ್ಲಿ ಮೊದಲ ಮುಖಾಮುಖಿ. ಬೆಂಗಳೂರು 3-1ರಿಂದ ಗೆದ್ದಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಒಂದು ಕಡೆ, ಹಳದಿ ಪಡೆ ಎಂಬ ಅರ್ಥದ ‘ಮಂಜಪ್ಪಡ’ ಇನ್ನೊಂದು ಕಡೆ. ಬೆಂಗಳೂರಿನಲ್ಲಿ ಮಲಯಾಳಿಗಳು ಕಡಿಮೆಯೇನಲ್ಲ. ಹಾಗಾಗಿ ಕೇರಳದ ತಂಡ ಬಂದರೆ ಕಂಠೀರವದಲ್ಲಿ ನೀಲಿಯಷ್ಟೇ ಜೋರಾಗಿ ಹಳದಿಯೂ ಕೂಗುತ್ತದೆ.

ಮಾತು ರಕ್ಷಣೆಯತ್ತ ತಿರುಗಿತು. ಬೆಂಗಳೂರಿನ ಹಿಂಬದಿಯ ಗೋಡೆ ಸಂದೇಶ್ ಜಿಂಗನ್. ಈತ 2014ರಿಂದ ಕೇರಳದಲ್ಲಿ ಆಡಿ, ನಾಯಕನೂ ಆಗಿ, 2020ರಲ್ಲಿ ಅಲ್ಲಿಂದ ಹೊರಟವನು. “ನಮ್ಮ ಮನೇಲಿ ಬೆಳ್ದೋನು ನಿಮ್ಮ ಬಾಗ್ಲು ಕಾಯ್ತಾವ್ನೆ” ಎಂದು ಹಳದಿ ಅಂಗಿಯವನು ಚುಚ್ಚಿದ. “ಅದಕ್ಕೇ ನಿಮ್ಮ ಗುಟ್ಟೆಲ್ಲ ಅವ್ನಿಗೆ ಗೊತ್ತು” ಎಂದು ಹುಡುಗ ತಿರುಗೇಟು ಕೊಟ್ಟ. ಹಿಂದೆ ಮೂವರು ನಿಂತರೆ ನಡುವೆ ಗಟ್ಟಿ, ಆದರೆ ಬದಿಗಳು ಖಾಲಿ. ನಾಲ್ವರು ನಿಂತರೆ ಬದಿ ಭದ್ರ, ಮುಂದೆ ಆಡಲು ಒಬ್ಬ ಕಡಿಮೆ. ಟೀ ಲೋಟಗಳನ್ನೇ ಸಾಲಾಗಿ ಜೋಡಿಸಿ ವಾದ ನಡೆಯಿತು.

ಗಲ್ಲಾದ ಪಕ್ಕ ಕೂತಿದ್ದ ಹಿರಿಯರೊಬ್ಬರು ಕೇಳಿಸಿಕೊಳ್ಳುತ್ತಲೇ ಇದ್ದರು. ಹರೆಯದಲ್ಲಿ ಕಬಡ್ಡಿ ಆಡಿದವರು. “ಎಷ್ಟು ಜನ ನಿಂತ್ರು ಅಂತ ಯಾಕ್ಲಾ ಲೆಕ್ಕ ಹಾಕೀರಿ?” ಎಂದರು. “ಕಬಡ್ಡಿಯಲ್ಲಿ ನಾವು ಏಳು ಜನ ಇರ್ತಿದ್ದೊ. ಬರೋನು ಒಬ್ಬ. ಆದ್ರೂ ಮುಟ್ಬುಟ್ಟು ಹೋಗ್ತಿದ್ದ. ಯಾಕೇಳಿ? ನಾವು ಅವನ ಮುಖ ನೋಡ್ತಿದ್ದೊ, ಕಾಲು ನೋಡ್ತಿರ್ನಿಲ್ಲ.”

ಅಷ್ಟರಲ್ಲಿ ಹುಡುಗನ ಅಪ್ಪ ಬಂದರು. ಮಗನ ಕೈಯ ಪುಸ್ತಕವನ್ನೂ ಸಾಲಾಗಿ ನಿಂತ ಲೋಟಗಳನ್ನೂ ನೋಡಿದರು. ಬೈಗುಳ ಬರುವುದೆಂದು ಎಲ್ಲರೂ ಕಾದರು. ಅವರು ಕೇಳಿದ್ದು ಇಷ್ಟೇ: “ಆಟ ಎಷ್ಟೊತ್ತಿಗೆ ಮುಗೀತದೆ?” ಒಂಬತ್ತೂವರೆ ಎಂದ ಮಗ. “ಆರರಿಂದ ಏಳೂವರೆಗಂಟ ಓದು. ಬೆಳಿಗ್ಗೆ ಐದಕ್ಕೆ ಏಳ್ಬೇಕು” ಎಂದು ಕರಾರು ಹಾಕಿ ಹೊರಟರು.

ಆಟ ಒಂಬತ್ತೂವರೆಗೆ ಮುಗಿಯಲಿಲ್ಲ. 90 ನಿಮಿಷ ಕಳೆದರೂ ಗೋಲು ಬರದೆ ಹೆಚ್ಚುವರಿ ಸಮಯಕ್ಕೆ ಹೋಯಿತು. 96ನೇ ನಿಮಿಷದಲ್ಲಿ ಕೇರಳದ ಗೋಲಿನೆದುರು ಬೆಂಗಳೂರಿಗೆ ಫ್ರೀ ಕಿಕ್. ಗೋಲ್‌ಕೀಪರ್ ಇನ್ನೂ ಆಟಗಾರರ ಗೋಡೆಯನ್ನು ಸರಿಪಡಿಸುತ್ತಿದ್ದ. ಸುನಿಲ್ ಚೆಟ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲನೆ ಖಾಲಿ ಗೋಲಿನೊಳಕ್ಕೆ ತೇಲಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದವರು ಪ್ರತಿಭಟಿಸಿದರು. ಕೊನೆಗೆ ಕೋಚ್ ಇವಾನ್ ವುಕೊಮನೋವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ಅವರು ಮರಳಿ ಬರಲಿಲ್ಲ. ಪಂದ್ಯ ಬೆಂಗಳೂರಿನ ಪಾಲಾಯಿತು.

ಮರುದಿನ ಬೆಂಚಿನ ಮೇಲೆ ಎರಡು ಪ್ರಶ್ನೆಗಳಿದ್ದವು. ಗೋಲು ಸರಿಯೇ? ಹೊರನಡೆದದ್ದು ಸರಿಯೇ? ಫ್ರೀ ಕಿಕ್ ಪಡೆದ ತಂಡ ಬೇಗನೆ ಚೆಂಡು ಒದೆಯಲು ನಿಯಮದಲ್ಲಿ ಅವಕಾಶವಿದೆ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕೆಂದು ಒದೆಯುವವರೇ ಕೇಳಿಕೊಂಡರೆ ಮಾತ್ರ ರೆಫರಿಯ ಸೀಟಿಗೆ ಕಾಯಬೇಕು. ಚೆಟ್ರಿ ಕೇಳಿದ್ದರೋ ಇಲ್ಲವೋ ಎಂಬುದೇ ಜಗಳದ ಬೇರು. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿಯೇ ಬಂತು. ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ. ಬೆಂಗಳೂರಿನ ಓಟವೂ ಹೆಚ್ಚು ದಿನ ಉಳಿಯಲಿಲ್ಲ. ಮಾರ್ಚ್ 18ರಂದು ಗೋವಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಪೆನಾಲ್ಟಿಯಲ್ಲಿ ಸೋತಿತು.

ಆ ಶನಿವಾರ, ಮಾರ್ಚ್ 4ರಂದು, ಇನ್ನೊಂದು ಪಂದ್ಯವೂ ಇತ್ತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಸಲ ಗೆದ್ದದ್ದು 1968-69ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. 54 ವರ್ಷ ಕಾದು ಬಂದ ಕಪ್ ಅದು. ಜಿಂಗನ್ ಯಾವ ವರ್ಷ ಎಲ್ಲಿದ್ದ ಎಂದು ಬಾಯಿಪಾಠ ಹೇಳುವ ಹುಡುಗನಿಗೆ ತನ್ನ ರಾಜ್ಯದ ಆ ತಂಡದ ಒಬ್ಬ ಆಟಗಾರನ ಹೆಸರೂ ಬರಲಿಲ್ಲ. ಹಳದಿ ಅಂಗಿಯವನಿಗೂ ಬರಲಿಲ್ಲ. ಆ ಒಂದು ವಿಷಯದಲ್ಲಿ ಇಬ್ಬರೂ ಸಮಸಮ.

ಶನಿವಾರ ಬೆಳಿಗ್ಗೆ ಹಳದಿ ಅಂಗಿಯವನು ಅಂಗಡಿಯ ಕಡೆ ತಲೆ ಹಾಕಲಾರ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅವನು ಬಂದ, ಅದೇ ಅಂಗಿಯಲ್ಲೇ ಬಂದ. ಎಲ್ಲರ ಕೀಟಲೆಯನ್ನೂ ತಲೆತಗ್ಗಿಸಿ ಕೇಳಿಸಿಕೊಂಡ. ಗೋಲು ತಪ್ಪು ಎಂದೇ ವಾದಿಸಿದ, ಆದರೆ “ಬುಟ್ಟು ಹೋಗ್ಬಾರ್ದಾಗಿತ್ತು. ಇನ್ನೂ 24 ನಿಮಿಷ ಇತ್ತಲ್ಲ” ಎಂದು ಒಪ್ಪಿಕೊಂಡ.

“ಕಾಲು ನೋಡಿ ಅಂದ್ರೆ ಗೋಡೆ ನೋಡ್ಕಂಡು ನಿಂತ್ರಲ್ಲ” ಎಂದರು ಹಿರಿಯರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಮ್ಮ ಕಾಲ್ದಲ್ಲಿ ಈ ಹೊತ್ತಲ್ಲಿ ಕತ್ಲಾದ್ಮೇಲೆ ಯಾರೂ ಬೀದಿಗೆ ಬರ್ತಿರ್ನಿಲ್ಲ. ನೀವು ರಾತ್ರಿ ಹತ್ತು ಗಂಟೇಲಿ ಚೆಂಡಿಗೋಸ್ಕರ ಊರೆಲ್ಲ ಕೇಳಂಗೆ ಕಿರುಚ್ದ್ರಿ. ಕಿರುಚ್ಕಳಿ.”

ಐದಕ್ಕೇ ಎದ್ದಿದ್ದ ಹುಡುಗ ಆಕಳಿಸುತ್ತ ಎದ್ದು ನಿಂತ. ಮನೆಗೆ ಹೋಗಿ ಓದಬೇಕಿತ್ತು. ಹಳದಿ ಅಂಗಿಯವನು ಟೀ ಲೋಟಗಳನ್ನು ಮತ್ತೆ ಸಾಲಾಗಿ ಜೋಡಿಸಿ, “ಪರೀಕ್ಷೆ ಮುಗಿಸ್ಕೊಂಡು ಬಾ. ಇದು ಇನ್ನೂ ಮುಗ್ದಿಲ್ಲ” ಎಂದ. ಟೀ ಹಣವನ್ನು ಆ ದಿನ ಅವನೇ ಕೊಟ್ಟ.