ಜವ, ವೇಗ ಮತ್ತು ಪಡುವಣ ಗಾಳಿ

ಒಂಬತ್ತನೆಯ ತರಗತಿಯ ‘ಚಲನೆ’ ಘಟಕವನ್ನು ಕನ್ನಡ ಮಾಧ್ಯಮದಲ್ಲಿ ಬೋಧಿಸುವಾಗ ಮೊದಲು ಎದುರಾಗುವುದು ಮಾತಿನ ತೊಡಕು. ಪಠ್ಯದಲ್ಲಿ ದಿಕ್ಕಿಲ್ಲದ್ದು ‘ಜವ’, ದಿಕ್ಕು ಸೇರಿದ್ದು ‘ವೇಗ’. ನರಗುಂದದ ಮಕ್ಕಳ ಬಾಯಲ್ಲಿ ಬಸ್ಸಿಗೂ ವೇಗ, ಎತ್ತಿಗೂ ವೇಗ. ‘ಜವ’ ಎಂದರೆ ಅವರಿಗೆ ಮೊದಲು ನೆನಪಾಗುವುದು ಜವೆಗೋಧಿ. ವ್ಯಾಖ್ಯೆಯನ್ನು ಎರಡು ಸಲ ಹೇಳಿಸಿದರೆ ಇಡೀ ತರಗತಿ ಅದನ್ನು ಒಪ್ಪಿಸಿಬಿಡುತ್ತದೆ. ಆದರೆ ದಿಕ್ಕು ಸೇರಿಸುವುದರಿಂದ ಆಗುವ ಲಾಭವೇನು ಎಂಬುದು ಆ ವ್ಯಾಖ್ಯೆಯಲ್ಲಿ ಇಲ್ಲ.

ನನ್ನ ಪಾಠ ಯೋಜನೆಯಲ್ಲಿದ್ದ ಉದಾಹರಣೆ ಹುಬ್ಬಳ್ಳಿಯ ಬಸ್ಸಿನದು. ಹೋಗುವಾಗ ಗಂಟೆಗೆ 60 ಕಿ.ಮೀ., ಬರುವಾಗಲೂ ಅಷ್ಟೇ. ಜವ ಒಂದೇ, ವೇಗ ಬೇರೆ. ಮಕ್ಕಳು ತಲೆಯಾಡಿಸಿದರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ, ಗಾಳಿಪಟ ಮ್ಯಾಲೆ ಹೋಗಿ ನಿಂತಬಿಡ್ತೈತ್ರಿ. ಆವಾಗ ಅದರ ವೇಗ ಸೊನ್ನಿ ಏನ್ರಿ? ಸೊನ್ನಿ ಇದ್ರ ಬೀಳಬೇಕಲ್ರಿ?”

ಕಾರಹುಣ್ಣಿಮೆ ಕಳೆದು ಕೆಲವೇ ವಾರಗಳಾಗಿದ್ದವು. ಊರಿನ ಮಾಳಿಗೆಗಳ ಮೇಲೆ ಗಾಳಿಪಟ ಇನ್ನೂ ಹಾರುತ್ತಿದ್ದವು. ಅವಧಿ ಮುಗಿಯಲು ಉಳಿದದ್ದು ಹದಿನೈದು ನಿಮಿಷ. ಯೋಜನೆಯ ಪ್ರಕಾರ ಐದು ವಸ್ತುನಿಷ್ಠ ಪ್ರಶ್ನೆ ಕೇಳಿ ಮೌಲ್ಯಮಾಪನ ಮುಗಿಸಬೇಕು. ಮಾರ್ಗದರ್ಶಕ ಶಿಕ್ಷಕರು ಅವಲೋಕನ ನಮೂನೆ ಹಿಡಿದು ಹಿಂದೆ ಕುಳಿತಿದ್ದರು. ಆಂತರಿಕ ಅಂಕಗಳಿಗೆ ಲೆಕ್ಕವಾಗುವ ಪಾಠ ಅದು. ಅಷ್ಟು ಹೊತ್ತು ಬಾಯಿ ಬಿಡದ ಹುಡುಗಿಯ ಪ್ರಶ್ನೆಯನ್ನು ನಾಳೆಗೆ ತಳ್ಳಿದರೆ ಅವಳು ಮತ್ತೆ ಕೇಳುತ್ತಾಳೆಂಬ ಭರವಸೆ ನನಗಿರಲಿಲ್ಲ. ಮಾರ್ಗದರ್ಶಕರ ಅನುಮತಿ ಕೇಳಿ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋದೆ.

ಶಾಲೆಯ ಹಿಂದಿನ ಮನೆಯಿಂದ ಒಬ್ಬ ಗಾಳಿಪಟ ತಂದ. ಗಾಳಿ ಅಂದು ಮೆಲ್ಲಗಿತ್ತು. ಒಂದು ಹಿಡಿ ಮಣ್ಣು ತೂರಿ ನೋಡಿದೆವು. ಧೂಳು ಪೂರ್ವಕ್ಕೆ ಹೋಯಿತು, ಅಂದರೆ ಪಡುವಣ ಗಾಳಿ. 40 ಮೀಟರ್ ಅಳೆದು ಗೆರೆ ಎಳೆದೆವು. ಒಬ್ಬ ಹುಡುಗ ದಾರ ಹಿಡಿದು ಪಶ್ಚಿಮಕ್ಕೆ ಓಡಿದ; ಗಾಳಿಪಟ ಎದ್ದಿತು. ಅವನೇ, ಅದೇ ಗಾಳಿಪಟ ಹಿಡಿದು, ಪೂರ್ವಕ್ಕೆ ಓಡಿದ. ಅದು ನೆಲ ಸವರುತ್ತ ಬಂತು. ಎರಡೂ ಸಲ ಹಿಡಿದದ್ದು ಸುಮಾರು 10 ಸೆಕೆಂಡು. ಜವ ಎರಡೂ ಕಡೆ ಸೆಕೆಂಡಿಗೆ 4 ಮೀಟರ್.

ಗಾಳಿ ಸೆಕೆಂಡಿಗೆ 2 ಮೀಟರ್ ಇತ್ತೆಂದು ಇಟ್ಟುಕೊಂಡು ನೆಲದ ಮೇಲೆಯೇ ಲೆಕ್ಕ ಹಾಕಿದೆವು. ಪಶ್ಚಿಮಕ್ಕೆ ಓಡುವಾಗ ಗಾಳಿಪಟಕ್ಕೆ ಬಡಿಯುವ ಗಾಳಿ 4 + 2 = 6. ಪೂರ್ವಕ್ಕೆ ಓಡುವಾಗ 4 – 2 = 2. ಎತ್ತುವ ಬಲ ಈ ಸಂಖ್ಯೆಯ ವರ್ಗದಂತೆ ಏರುತ್ತದೆ: ಒಂದು ಕಡೆ 36, ಇನ್ನೊಂದು ಕಡೆ 4. ಗಾಳಿಪಟವನ್ನು ಹಿಡಿಯುವ ಕೋನ ಒಂದೇ ಇದ್ದರೆ, ಬರೀ ದಿಕ್ಕು ಬದಲಾದದ್ದಕ್ಕೆ ಒಂಬತ್ತು ಪಟ್ಟು ವ್ಯತ್ಯಾಸ! ಇನ್ನು ಗಾಳಿಯೇ ಸೆಕೆಂಡಿಗೆ 6 ಮೀಟರ್ ಬೀಸಿದರೆ ಓಡುವ ಅಗತ್ಯವೇ ಇಲ್ಲ. ಮಾಳಿಗೆಯ ಮೇಲೆ ನಿಂತವನ ಗಾಳಿಪಟಕ್ಕೂ ಅಷ್ಟೇ ಗಾಳಿ ಸಿಗುತ್ತದೆ. ನೆಲದಿಂದ ನೋಡಿದರೆ ಅದರ ವೇಗ ಸೊನ್ನೆ. ಗಾಳಿಯೊಳಗಿಂದ ನೋಡಿದರೆ ಅದು ಸೆಕೆಂಡಿಗೆ 6 ಮೀಟರಿನಂತೆ ಪಶ್ಚಿಮಕ್ಕೆ ಸಾಗುತ್ತಿದೆ. “ಹಂಗಾರ ಅದು ನಿಂತಿಲ್ರಿ, ಗಾಳ್ಯಾಗ ಓಡಾಕತ್ತೈತ್ರಿ” ಎಂದಳು ಹುಡುಗಿ. ಸಾಪೇಕ್ಷ ವೇಗ ಎಂಬ ಪದವನ್ನು ನಾನು ಆ ಮೇಲೆ ಹೇಳಿದೆ.

ವಿಮಾನದ ಮಾತು ಮಕ್ಕಳೇ ತೆಗೆದರು. ಹುಬ್ಬಳ್ಳಿ ವಿಮಾನ ನಿಲ್ದಾಣದ ರನ್‌ವೇಯ ಎರಡು ತುದಿಗಳಿಗೆ 08 ಮತ್ತು 26 ಎಂಬ ಸಂಖ್ಯೆಗಳಿವೆ. ಉತ್ತರದಿಂದ ಪ್ರದಕ್ಷಿಣವಾಗಿ ಅಳೆದರೆ ಸುಮಾರು 80 ಡಿಗ್ರಿ, 260 ಡಿಗ್ರಿ. ಅಂದರೆ ಹೆಚ್ಚುಕಡಿಮೆ ಪೂರ್ವ ಮತ್ತು ಪಶ್ಚಿಮ. ಒಂದೇ ರನ್‌ವೇಗೆ ಎರಡು ಹೆಸರು, ಏಕೆಂದರೆ ದಿಕ್ಕು ಎರಡು. ವಿಮಾನ ಏಳಲು ಗಾಳಿಯೊಳಗೆ ಸೆಕೆಂಡಿಗೆ 60 ಮೀಟರ್ ಬೇಕೆಂದುಕೊಳ್ಳೋಣ. ಎದುರುಗಾಳಿ 8 ಇದ್ದರೆ ನೆಲದ ಮೇಲೆ 52 ಸಾಕು, ಬೆನ್ನಗಾಳಿಯಾದರೆ 68 ಬೇಕು. ಹಾಗಾಗಿ ಮುಂಗಾರಿನ ಪಡುವಣ ಗಾಳಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏಳುವುದು ಲೇಸು.

ಮಾರ್ಗದರ್ಶಕರು ನಮೂನೆಯಲ್ಲಿ “ಮೌಲ್ಯಮಾಪನ ಹಂತ ಪೂರ್ಣಗೊಂಡಿಲ್ಲ” ಎಂದು ಬರೆದರು. ಆ ಕಾಲಂಗೆ ಅದು ಸರಿಯಾದ ಮಾತೇ. ಆದರೆ ಮಗುವೊಂದು ವ್ಯಾಖ್ಯೆಯನ್ನು ತಾನು ಕಂಡದ್ದರ ಎದುರು ಇಟ್ಟು ಪರೀಕ್ಷಿಸುವುದು ಐದು ಪ್ರಶ್ನೆಗಳಿಗಿಂತ ಗಟ್ಟಿಯಾದ ಮೌಲ್ಯಮಾಪನ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಈ ಮಾತನ್ನು ಚರ್ಚಾ ಅವಧಿಯಲ್ಲಿ ಅವರೆದುರೂ ಹೇಳಿದೆ. ಅವರು ಅಂಕ ಬದಲಿಸಲಿಲ್ಲ. ಮರುದಿನದ ಪಾಠಕ್ಕೂ ಬಂದು ಕುಳಿತರು.

ಮರುದಿನದ ವಿಷಯ ಸರಾಸರಿ ವೇಗ. ನಮ್ಮದೇ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಬರುತ್ತವೆ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ ಅದು. ಒಂದು ಹಕ್ಕಿ ಕೆರೆ ಬಿಟ್ಟು ಹೋಗಿ ಮುಂದಿನ ಚಳಿಗಾಲಕ್ಕೆ ಅಲ್ಲಿಗೇ ಮರಳಿದರೆ ಕ್ರಮಿಸಿದ ದೂರ ಸಾವಿರಾರು ಕಿ.ಮೀ., ಸ್ಥಾನಪಲ್ಲಟ ಸೊನ್ನೆ, ಸರಾಸರಿ ವೇಗವೂ ಸೊನ್ನೆ. “ಹಂಗಾರ ಅದು ಹಾರೇ ಇಲ್ಲೇನ್ರಿ ಸರ?” ಎಂದು ತರಗತಿ ಗದ್ದಲವೆಬ್ಬಿಸಿತು. ಹಾರಿದ್ದಕ್ಕೆ ಲೆಕ್ಕ ಕೊಡಲು ಜವ ಬೇಕು, ಎಲ್ಲಿಗೆ ತಲುಪಿತೆಂದು ಹೇಳಲು ವೇಗ ಬೇಕು. ಎರಡು ಪದ ಏಕೆಂಬುದು ಅಂದು ಅವರಿಗೆ ತಾನಾಗಿ ತಿಳಿಯಿತು.

ಈ ಘಟಕ ತೆಗೆದುಕೊಳ್ಳುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ. ವೇಗದ ಪ್ರತಿ ಉತ್ತರಕ್ಕೂ ಎರಡು ಮರುಪ್ರಶ್ನೆ ಹಾಕಿ: ಯಾವ ಕಡೆಗೆ? ಎಲ್ಲಿಂದ ನೋಡಿದರೆ? ಬೋಧನೋಪಕರಣಕ್ಕೆ ಒಂದು ಗಾಳಿಪಟ, ಒಂದು ಹಿಡಿ ಮಣ್ಣು ಸಾಕು. ಗಾಳಿಗಂತೂ ನಮ್ಮ ಎರೆನಾಡಿನಲ್ಲಿ ಬರವಿಲ್ಲ.